ನಯೀಂ ಸಾಹೇಬರು ಯಾವ ಕಡೆ?

2007ರ ಆಗಸ್ಟ್ ತಿಂಗಳು. ದಿಲ್ಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನೆಹರೂ ಕಪ್ ಫುಟ್‌ಬಾಲ್ ಪಂದ್ಯಾವಳಿ ನಡೆದಿತ್ತು. ಭಾರತ ಮತ್ತು ಬಾಂಗ್ಲಾದೇಶ ಎದುರುಬದುರಾದ ದಿನ ಬಾಂಗ್ಲಾದೇಶದ ಬೆಂಚಿನಲ್ಲಿ ಕೋಚ್ ಆಗಿ ಕುಳಿತಿದ್ದವರು ಅರವತ್ತು ದಾಟಿದ ಒಬ್ಬ ಭಾರತೀಯರು. ಹೆಸರು ಸಯ್ಯದ್ ನಯೀಮುದ್ದೀನ್, ಊರು ಹೈದರಾಬಾದು. 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡದ ನಾಯಕರಾಗಿದ್ದವರು. ಒಂದು ವರ್ಷದ ಹಿಂದಿನವರೆಗೆ ಇದೇ ಭಾರತ ತಂಡದ ಕೋಚ್ ಆಗಿದ್ದವರು. ಅಂದು ಭಾರತ ಒಂದು ಗೋಲಿನಿಂದ ಗೆದ್ದಿತು. ಗೋಲು ಹೊಡೆದವರು ಭೈಚುಂಗ್ ಭುಟಿಯಾ. ಎರಡು ವರ್ಷ ಕೂಡ ತುಂಬಿರಲಿಲ್ಲ, ಇದೇ ಭುಟಿಯಾ ಕರಾಚಿಯಲ್ಲಿ ಇದೇ ಬಾಂಗ್ಲಾದೇಶದ ವಿರುದ್ಧ ನಯೀಮರ ತಂಡಕ್ಕಾಗಿ ಗೋಲು ಹೊಡೆದಿದ್ದರು.

ಆ ತೊಂಬತ್ತು ನಿಮಿಷ ನಯೀಂ ಸಾಹೇಬರು ಯಾವ ಕಡೆ ಇದ್ದರು? ಫುಟ್‌ಬಾಲ್ ಬಲ್ಲವರು ಈ ಪ್ರಶ್ನೆ ಕೇಳುವುದಿಲ್ಲ. ಕೋಚ್ ತಾನು ತಯಾರು ಮಾಡಿದ ಹುಡುಗರ ಕಡೆ ಇರುತ್ತಾನೆ. ಯುರೋಪಿನವರು ಬಂದು ಭಾರತಕ್ಕೆ ಕೋಚ್ ಆದಾಗ ಅವರ ದೇಶನಿಷ್ಠೆಯನ್ನು ಯಾರೂ ಅಳೆಯಲು ಹೋಗಲಿಲ್ಲ. ನಮ್ಮ ಊರುಗಳಲ್ಲಿ ಮಾತ್ರ ಪ್ರಶ್ನೆ ಬೇರೆ ದಾರಿಯಿಂದ ಬರುತ್ತದೆ. ಕ್ರಿಕೆಟ್ ಇದ್ದ ದಿನ ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಚಹದಂಗಡಿಯ ಟಿ.ವಿ. ಮುಂದೆ ನಿಂತರೆ ಸಾಕು, ಯಾರೋ ಒಬ್ಬರು ನಗುತ್ತಲೇ ಕೇಳುತ್ತಾರೆ: "ಯಾಕ್ರೀ ಸಾಹೇಬ್ರ, ಇವತ್ತು ನಿಮ್ಮ ಟೀಮ್ ಸೋತ್ತಲ್ಲ?" ಕೇಳಿದವರು ಕೆಟ್ಟವರೇನಲ್ಲ. ಮೊಹರಂನಲ್ಲಿ ನಮ್ಮ ಜೊತೆಗೇ ಅಲಾಯಿ ಕುಣಿದವರೂ ಆಗಿರುತ್ತಾರೆ. ಆದರೆ ಕೇಳಿಸಿಕೊಂಡವನು ಆ ರಾತ್ರಿ ಮನೆಗೆ ಹೋಗುವಾಗ ತನ್ನ ನಗುವನ್ನು ತಾನೇ ಹೊತ್ತುಕೊಂಡು ಹೋಗಬೇಕಾಗುತ್ತದೆ. ನಯೀಮುದ್ದೀನರ ಆಟದ ಬದುಕನ್ನು ಸ್ವಲ್ಪ ವಿವರವಾಗಿ ನೋಡಬೇಕೆನಿಸಿದ್ದು ಆ ನಗುವಿನ ದೆಸೆಯಿಂದ.

ಇನ್ನೊಂದು ಕಾರಣವೂ ಇದೆ. ಅವರ ಹೈದರಾಬಾದು ನಮಗೆ ಪರವೂರಲ್ಲ. ಇಂದು ಒಂದು ಜಿಲ್ಲೆಯಾಗಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ 1956ರವರೆಗೆ ರಾಜಧಾನಿ ಅದೇ ಆಗಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ನಮ್ಮ ಅಜ್ಜಂದಿರ ಹೊಲದ ಕಾಗದ ಉರ್ದುವಿನಲ್ಲಿ, ಸಂತೆಯ ರೊಕ್ಕ ಹಾಲಿ ಸಿಕ್ಕಾದಲ್ಲಿ. 1944ರಲ್ಲಿ ನಯೀಮುದ್ದೀನ್ ಹುಟ್ಟಿದಾಗ ಅವರೂ ನಮ್ಮ ಹಿರಿಯರೂ ಒಂದೇ ಸಂಸ್ಥಾನದ ಪ್ರಜೆಗಳು. ಮುಂದೆ ನಮ್ಮವರು ಮನೆಯ ಹೊಸ್ತಿಲು ದಾಟದೆಯೇ ನಿಜಾಮರ ಸಂಸ್ಥಾನದಿಂದ ಹೈದರಾಬಾದ್ ರಾಜ್ಯಕ್ಕೆ, ಅಲ್ಲಿಂದ ಮೈಸೂರು ರಾಜ್ಯಕ್ಕೆ, ಆಮೇಲೆ ಕರ್ನಾಟಕಕ್ಕೆ ಸೇರಿದರು. ಗಡಿ ಎನ್ನುವುದು ಜನರ ಮೇಲಿಂದ ಹಾದುಹೋಗುವ ಬಗೆ ನಮಗೆ ಚೆನ್ನಾಗಿ ಗೊತ್ತು.

ಹೈದರಾಬಾದಿನಿಂದ ನಮ್ಮ ಕಡೆಗೆ ಬಿರಿಯಾನಿ ಬಂತು, ಶೇರ್ವಾನಿ ಬಂತು, ಕಚೇರಿಯ ಮಾತು ಬಂತು. ಫುಟ್‌ಬಾಲ್ ಬಂದು ಬೇರೂರಲಿಲ್ಲ. ನಮ್ಮ ಬಯಲುಗಳಲ್ಲಿ ಕುಸ್ತಿ, ಕಬಡ್ಡಿ, ಖೋಖೋ ಉಳಿದವು, ಆಮೇಲೆ ಕ್ರಿಕೆಟ್ ಎಲ್ಲವನ್ನೂ ನುಂಗಿತು. ಹಾಗಾಗಿ ನಮ್ಮದೇ ಹಳೆಯ ರಾಜಧಾನಿ ಒಂದು ಕಾಲಕ್ಕೆ ಏಷ್ಯದ ಫುಟ್‌ಬಾಲ್ ನಗರಗಳಲ್ಲಿ ಒಂದಾಗಿತ್ತೆಂಬುದು ನಮ್ಮ ನೆನಪಿನಲ್ಲೇ ಇಲ್ಲ.

ಆ ಕಥೆ ಆರಂಭವಾಗುವುದು ಒಬ್ಬ ಶಾಲಾ ಮಾಸ್ತರರಿಂದ. ಸಯ್ಯದ್ ಅಬ್ದುಲ್ ರಹೀಂ, ಜನನ 1909. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಅದೇ ಅವಧಿಯಲ್ಲಿ ಭಾರತ ತಂಡಕ್ಕೂ ಅವರೇ. 1950 ಎಂಬ ಇಸವಿಯನ್ನು ಒಮ್ಮೆ ನಿಂತು ನೋಡಬೇಕು. ಅದಕ್ಕೆ ಎರಡು ವರ್ಷ ಹಿಂದೆ, 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಮುಗಿದಿತ್ತು. ರಜಾಕಾರರ ಹಾವಳಿಗೆ ಸಿಕ್ಕ ಹಳ್ಳಿಗಳ ನೋವು ನಮ್ಮ ಭಾಗಕ್ಕೆ ಗೊತ್ತು. ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳತ್ವದ ಮುಂಡರಗಿ ಶಿಬಿರದ ನೆನಪು ಕೊಪ್ಪಳದಲ್ಲಿ ಇನ್ನೂ ಹಸಿರಾಗಿದೆ. ಕಾರ್ಯಾಚರಣೆಯ ಬೆನ್ನಿಗೆ ನಡೆದ ಮುಸ್ಲಿಮರ ಹತ್ಯೆಗಳ ನೆನಪು ಅಷ್ಟು ಗಟ್ಟಿದನಿಯಲ್ಲಿ ಉಳಿಯಲಿಲ್ಲ. ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳನ್ನು ಹೆಚ್ಚು ಪೆಟ್ಟು ತಿಂದವೆಂದು ಗುರುತಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ.

ಇಂಥ ಗಾಯಗೊಂಡ ನಾಡಿನ ರಾಜಧಾನಿಯಿಂದ 1950ರಲ್ಲಿ ಒಂದು ಪೊಲೀಸ್ ತಂಡ ಹೊರಟು ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ಮತ್ತೆ ಗೆದ್ದಿತು. ಹೀಗೆ 1954ರವರೆಗೆ ಸತತ ಐದು ವರ್ಷ. ನಡುವೆ ಡ್ಯುರಾಂಡ್ ಕಪ್ ಕೂಡ ಬಂತು. ತಂಡದಲ್ಲಿ ಹೆಚ್ಚಿನವರು ಮುಸ್ಲಿಮರು. ಪಾಕಿಸ್ತಾನಕ್ಕೆ ಹೋಗುವವರು ಹೋಗಿದ್ದ, ಉಳಿದವರ ಮೇಲೆ ಅನುಮಾನ ಇನ್ನೂ ಬಿಸಿಯಾಗಿದ್ದ ದಿನಗಳವು. ಭಾಷಣಕ್ಕೆ ನಿಲ್ಲದ ಆ ಹುಡುಗರು ಪೊಲೀಸ್ ಇಲಾಖೆಯ ಸಂಬಳ ತೆಗೆದುಕೊಂಡು ಬೆಳಿಗ್ಗೆ ಎದ್ದು ಚೆಂಡು ಒದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ತಂಡದಲ್ಲಿ ಅಝೀಝುದ್ದೀನ್, ನೂರ್ ಮುಹಮ್ಮದ್, ಝುಲ್ಫಿಕರುದ್ದೀನ್, ತುಳಸೀದಾಸ್ ಬಲರಾಮ್ ಇದ್ದರು. ಎಲ್ಲರೂ ಹೈದರಾಬಾದ್–ಸಿಕಂದರಾಬಾದಿನವರು. ಅಂದರೆ ಕೆಲವೇ ವಾರಗಳ ಹಿಂದಿನವರೆಗೆ ನಮ್ಮದೇ ರಾಜ್ಯದವರು! ಆ ನವೆಂಬರಿನಲ್ಲಷ್ಟೇ ನಾವು ಮೈಸೂರಿಗೆ, ಅವರು ಆಂಧ್ರಪ್ರದೇಶಕ್ಕೆ ಹಂಚಿಹೋಗಿದ್ದೆವು.

ಇಲ್ಲಿ ಬೆಂಗಳೂರನ್ನೂ ನೆನೆಯದಿದ್ದರೆ ತಪ್ಪಾದೀತು. 1937ರಲ್ಲಿ ರೋವರ್ಸ್ ಕಪ್ಪನ್ನು ಗೋರಾ ಪಲ್ಟನ್‌ಗಳ ಕೈಯಿಂದ ಮೊದಲ ಬಾರಿಗೆ ಕಸಿದುಕೊಂಡ ಭಾರತೀಯ ತಂಡ ಬ್ಯಾಂಗಲೋರ್ ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತಕ್ಕೆ ಹತ್ತು ಗೋಲು ಹೊಡೆದಾಗ ಭಾರತದ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುಂಚೂಣಿ ಆಟಗಾರರನ್ನು ಅಭಿಮಾನಿಗಳು ಪಂಚಪಾಂಡವರು ಎಂದು ಕರೆಯುತ್ತಿದ್ದರು. ಆ ಐವರಲ್ಲಿ ಇಬ್ಬರು ಅಹ್ಮದ್ ಖಾನ್ ಮತ್ತು ಸಾಲೇಹ್. ಪಾಂಡವರಲ್ಲಿ ಇಬ್ಬರು ಮುಸ್ಲಿಮರಿರುವುದು ಕಲ್ಕತ್ತೆಯ ಜನಕ್ಕೆ ವಿಚಿತ್ರವೆನಿಸಲಿಲ್ಲ.

ರಹೀಂ ಸಾಹೇಬರ ಕೊನೆಯ ದೊಡ್ಡ ಗೆಲುವು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯ ಪ್ರವೇಶ ಕೊಡದ ವಿಷಯವನ್ನು ಭಾರತೀಯ ಅಧಿಕಾರಿಯೊಬ್ಬರು ಪ್ರಶ್ನಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಫೈನಲ್‌ನಲ್ಲಿ ಇಡೀ ಕ್ರೀಡಾಂಗಣ ಕೂಗುತ್ತಿದ್ದುದು ದಕ್ಷಿಣ ಕೊರಿಯದ ಪರವಾಗಿ. ಆ ಗದ್ದಲದ ನಡುವೆ ಭಾರತಕ್ಕಾಗಿ ಚಪ್ಪಾಳೆ ತಟ್ಟಿದ್ದು ಪಾಕಿಸ್ತಾನದ ಹಾಕಿ ಆಟಗಾರರು ಎಂಬ ಮಾತು ಭಾರತ ತಂಡದವರ ನೆನಪುಗಳಲ್ಲಿ ಬರುತ್ತದೆ. ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗರನ್ನು ರಹೀಂ ರಕ್ಷಣೆಯ ಸಾಲಿನಿಂದ ತೆಗೆದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ವಿಭಜನೆಯಲ್ಲಿ ಲಾಯಲ್‌ಪುರದ ಕಡೆಯಿಂದ ಈಚೆಗೆ ಬಂದ ನಿರಾಶ್ರಿತ ಸಿಖ್ಖರು ಅವರು. ಅವರದೊಂದು ಗೋಲು, ಪಿ.ಕೆ. ಬ್ಯಾನರ್ಜಿಯವರದೊಂದು, ಭಾರತ 2–1ರಿಂದ ಚಿನ್ನ ಗೆದ್ದಿತು. ರಹೀಮರ ಶ್ವಾಸಕೋಶವನ್ನು ಆಗಲೇ ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್ 11ರಂದು ತೀರಿಕೊಂಡರು. 2024ರಲ್ಲಿ ಹಿಂದಿಯಲ್ಲಿ 'ಮೈದಾನ್' ಚಿತ್ರ ಬಂದ ಮೇಲೆ ನಮ್ಮ ಹುಡುಗರಲ್ಲಿ ಅನೇಕರು ಈ ಹೆಸರನ್ನು ಮೊದಲ ಸಲ ಕೇಳಿದರು.

ರಹೀಂ ಹೋದಾಗ ನಯೀಮುದ್ದೀನರಿಗೆ ಹತ್ತೊಂಬತ್ತು ವರ್ಷ. ಗುರುವಿನ ಜೊತೆಗೆ ಹೈದರಾಬಾದಿನ ಫುಟ್‌ಬಾಲ್ ಕೂಡ ಇಳಿಜಾರು ಹಿಡಿಯಿತು. ಆಟ ಬಲ್ಲವರಿಗೆ ಕಲ್ಕತ್ತೆಯೇ ಗತಿಯಾಯಿತು. 1966ರಲ್ಲಿ ನಯೀಂ, ಮುಹಮ್ಮದ್ ಹಬೀಬ್, ಅಫ್ಝಲ್ ಮೂವರೂ ಈಸ್ಟ್ ಬೆಂಗಾಲ್ ಸೇರಿದರು. ನಯೀಂ ಆಮೇಲೆ ಮೋಹನ್ ಬಾಗಾನ್‌ಗೂ ಮೊಹಮ್ಮಡನ್ ಸ್ಪೋರ್ಟಿಂಗ್‌ಗೂ ಆಡಿದರು. ಕಲ್ಕತ್ತೆಯಲ್ಲಿ ಈ ಮೂರೂ ಬಣ್ಣದ ಅಂಗಿ ತೊಡುವುದು ಸುಲಭದ ಮಾತಲ್ಲ. ಈಸ್ಟ್ ಬೆಂಗಾಲ್ ಎಂದರೆ ಪೂರ್ವ ಬಂಗಾಳದಿಂದ ಬಂದವರ ಕ್ಲಬ್ಬು, ಮೋಹನ್ ಬಾಗಾನ್ ಮೂಲನಿವಾಸಿಗಳದು, ಮೊಹಮ್ಮಡನ್ ಮುಸ್ಲಿಮರದು. ಪಂದ್ಯದ ದಿನ ಮನೆಯಲ್ಲಿ ಬೇಯುವ ಮೀನೂ ಬೇರೆ ಎನ್ನುವಷ್ಟು ಪಂಗಡಗಳ ಜಿದ್ದು. ಒಂದು ಕ್ಲಬ್ಬು ಬಿಟ್ಟು ಇನ್ನೊಂದಕ್ಕೆ ಹೋದವನು ದ್ರೋಹಿ. ಹಬೀಬ್ 1977ರಲ್ಲಿ ಮೋಹನ್ ಬಾಗಾನ್ ಪರವಾಗಿ ಪೆಲೆಯ ಕಾಸ್ಮೋಸ್ ತಂಡಕ್ಕೇ ಗೋಲು ಹೊಡೆದು ಮನೆಮಾತಾದರು. ನಯೀಮರ ಕೆಲಸ ಅಂಥದ್ದಾಗಿರಲಿಲ್ಲ.

ಡಿಫೆಂಡರನ ಕೆಲಸಕ್ಕೆ ಲೆಕ್ಕ ಬರೆಯುವವರಿಲ್ಲ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ತಡೆದ ಗೋಲುಗಳು ಎಲ್ಲೂ ದಾಖಲಾಗುವುದಿಲ್ಲ. ಆತನ ಹೆಸರು ಬರುವುದು ತಪ್ಪಿದಾಗ. ಆದರೆ ಮೈದಾನದಲ್ಲಿ ಇಡೀ ಆಟ ಕಣ್ಣ ಮುಂದಿರುವುದು ಗೋಲ್‌ಕೀಪರನನ್ನು ಬಿಟ್ಟರೆ ಆತನಿಗೇ. ಮುಂದಿನವನು ಗೋಲನ್ನು ನೋಡುತ್ತಾನೆ. ಹಿಂದಿನವನು ಇಪ್ಪತ್ತು ಜನರನ್ನು ನೋಡುತ್ತಾನೆ, ಯಾರು ಎಲ್ಲಿ ದಣಿದರು, ಯಾರು ಜಾಗ ಬಿಟ್ಟು ಓಡಿದರು ಎಂದು ಕೂಗಿ ಹೇಳುತ್ತಾನೆ. ಹಿಂದಿನ ಸಾಲಿನವರು ಮುಂದೆ ಕೋಚ್ ಆಗುವುದು ಜಗತ್ತಿನಾದ್ಯಂತ ಕಾಣುವ ಸಂಗತಿ. ನಯೀಂ ಆಡುತ್ತಿದ್ದಾಗಲೇ ಅರ್ಧ ಕೋಚ್ ಆಗಿದ್ದರೆಂದು ಊಹಿಸಬಹುದು.

1970ರ ಡಿಸೆಂಬರಿನಲ್ಲಿ ಬ್ಯಾಂಕಾಕಿಗೆ ಹೋದ ಭಾರತ ತಂಡಕ್ಕೆ ಅವರೇ ನಾಯಕರು. ಕೋಚ್ ಜಿ.ಎಂ.ಎಚ್. ಬಾಷಾ, ಜೊತೆಗೆ ಪಿ.ಕೆ. ಬ್ಯಾನರ್ಜಿ. ಆತಿಥೇಯ ಥಾಯ್ಲೆಂಡ್ ಜೊತೆ 2–2 ಸಮ. ಸೆಮಿಫೈನಲ್‌ನಲ್ಲಿ ಬರ್ಮಾ ಎದುರು ಸೋಲು. ಮೂರನೆಯ ಸ್ಥಾನಕ್ಕೆ ಜಪಾನ್ ಎದುರಾಯಿತು. ಎರಡು ವರ್ಷದ ಹಿಂದೆ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ದೇಶ ಅದು. ಅಷ್ಟೇ ಅಲ್ಲ, ಅದೇ ಕೂಟದ ಹಿಂದಿನ ಸುತ್ತಿನಲ್ಲಿ ಭಾರತವನ್ನು ಒಂದು ಗೋಲಿನಿಂದ ಸೋಲಿಸಿತ್ತು. ಮಂಜಿತ್ ಸಿಂಗ್ ಹೊಡೆದ ಒಂದು ಗೋಲನ್ನು ನಯೀಮರ ಹಿಂದಿನ ಸಾಲು ಕೊನೆಯವರೆಗೂ ಕಾಯ್ದುಕೊಂಡಿತು. ಭಾರತಕ್ಕೆ ಕಂಚು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಗೆದ್ದ ಕೊನೆಯ ಪದಕ ಅದು. ಅರ್ಧ ಶತಮಾನ ದಾಟಿದರೂ ಇನ್ನೊಂದು ಬಂದಿಲ್ಲ.

ಕೋಚ್ ಆದ ಮೇಲಿನ ನಯೀಮುದ್ದೀನರ ಬಗ್ಗೆ ಪತ್ರಿಕೆಗಳು ಹೆಚ್ಚಾಗಿ ಬರೆದದ್ದು ಅವರ ಶಿಸ್ತಿನ ಕುರಿತು. ಓಟ, ಊಟ, ನಿದ್ರೆ ಎಲ್ಲಕ್ಕೂ ಕಟ್ಟುನಿಟ್ಟು. ಹಳೆಯ ಕಾಲದ ಮೇಷ್ಟರೆಂದು ಕೆಲವರು ಮೂಗು ಮುರಿದರು. ಅದರಲ್ಲಿ ಸತ್ಯವೂ ಇರಬಹುದು. ಯುರೋಪಿನ ಆಟ ವಾರವಾರವೂ ಟಿ.ವಿ.ಯಲ್ಲಿ ಕಾಣತೊಡಗಿದ ಮೇಲೆ ಬೆಳೆದ ಆಟಗಾರರಿಗೆ ಮೈದಾನ ಸುತ್ತು ಹಾಕಿಸುವ ಪದ್ಧತಿ ಸಾಲದೆನಿಸಿದ್ದು ಸಹಜ. ಫಲ ಮಾತ್ರ ಎದುರಿಗಿತ್ತು. 1990ರಲ್ಲಿ ಅವರ ಕೈಕೆಳಗೆ ಈಸ್ಟ್ ಬೆಂಗಾಲ್ ಒಂದೇ ವರ್ಷ ಐ.ಎಫ್.ಎ. ಶೀಲ್ಡ್, ಡ್ಯುರಾಂಡ್, ರೋವರ್ಸ್ ಮೂರನ್ನೂ ಗೆದ್ದಿತು. ಆ ವರ್ಷವೇ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆಟಗಾರರಿಗೆ ಕೊಡುವ ಅರ್ಜುನ ಪ್ರಶಸ್ತಿ ಬಂದದ್ದು 1997ರಲ್ಲಿ, ಬೂಟು ಕಳಚಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಶಿಷ್ಯನಿಗೆ ಸಲ್ಲಬೇಕಾದದ್ದು ಗುರುವಾದ ಏಳು ವರ್ಷಕ್ಕೆ ಸಿಕ್ಕಿತು. ಡಿಫೆಂಡರನ ಪಾಡು ಹೀಗೇ ಎಂದು ಅವರ ಅಭಿಮಾನಿಗಳು ನಕ್ಕಿರಬೇಕು.

ಅದೇ 1997ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯದ ಸ್ಯಾಫ್ ಕಪ್. ಭಾರತದ ಕೋಚ್ ನಯೀಂ, ನಾಯಕ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್. ಫೈನಲ್‌ನಲ್ಲಿ ಮಾಲ್ದೀವ್ಸ್ ವಿರುದ್ಧ 5–1. ಚಾಪ್ಮನ್ 2020ರ ಅಕ್ಟೋಬರಿನಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ಬೆಂಗಳೂರಿನಲ್ಲಿ ತೀರಿಕೊಂಡರು.

ಎಂಟು ವರ್ಷಗಳ ನಂತರ, 2005ರ ಡಿಸೆಂಬರ್. ಈ ಸಲ ಸ್ಯಾಫ್ ಕೂಟ ನಡೆದದ್ದು ಕರಾಚಿಯಲ್ಲಿ. ಹೈದರಾಬಾದಿನ ಸಯ್ಯದರೊಬ್ಬರು ಭಾರತದ ತಂಡವನ್ನು ಕರೆದುಕೊಂಡು, ತಮ್ಮ ಊರಿನ ಎಷ್ಟೋ ಕುಟುಂಬಗಳು 1948ರ ನಂತರ ಹೋಗಿ ನೆಲೆಸಿದ್ದ ಆ ಮಹಾನಗರಕ್ಕೆ ಹೋದರು. ಫೈನಲ್‌ನಲ್ಲಿ ಎದುರಾಳಿ ಬಾಂಗ್ಲಾದೇಶ, 2003ರ ಚಾಂಪಿಯನ್. ಮಹೇಶ್ ಗಾವ್ಲಿ ಮತ್ತು ಭುಟಿಯಾ ತಲಾ ಒಂದು ಗೋಲು ಹೊಡೆದು ಭಾರತ ಕಪ್ ಗೆದ್ದಿತು. ಚಹದಂಗಡಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ? ಆದರೆ ನಮ್ಮ ಚಹದಂಗಡಿಗಳಲ್ಲಿ ಆ ದಿನ ಟಿ.ವಿ.ಯಲ್ಲಿ ಫುಟ್‌ಬಾಲ್ ಹಾಕಿದವರು ಯಾರೂ ಇರಲಿಕ್ಕಿಲ್ಲ.

ಕೆಲವೇ ತಿಂಗಳಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತು. ದಿಲ್ಲಿಯಲ್ಲಿ ಯೆಮನ್ ವಿರುದ್ಧ 0–3ರ ಸೋಲು. 2006ರಲ್ಲಿ ನಯೀಮರ ಜಾಗಕ್ಕೆ ಇಂಗ್ಲೆಂಡಿನ ಬಾಬ್ ಹೌಟನ್ ಬಂದರು. ಹೌಟನ್ನರ ಕಾಲದಲ್ಲಿ ತಂಡಕ್ಕೆ ಒಳ್ಳೆಯದೇ ಆಯಿತು, ನೆಹರೂ ಕಪ್ ಗೆದ್ದದ್ದು ಅವರ ಕೈಯಲ್ಲೇ. ಹಾಗಾಗಿ ಕೋಚ್ ಬದಲಾದದ್ದನ್ನು ಅನ್ಯಾಯವೆಂದು ಹೇಳಲು ನಾನು ಹೊರಟಿಲ್ಲ. ಸೋತ ಕೋಚ್ ಮನೆಗೆ ಹೋಗುವುದು ಎಲ್ಲ ದೇಶದ ರಿವಾಜು. ನಯೀಂ ಮನೆಯಲ್ಲಿ ಕೂರದೆ ಢಾಕಾಕ್ಕೆ ಹೋದರು.

ಢಾಕಾ ಅವರಿಗೆ ಹೊಸದಲ್ಲ. ಅದಕ್ಕೂ ಮೊದಲು ಅಲ್ಲಿನ ಬ್ರದರ್ಸ್ ಯೂನಿಯನ್ ಕ್ಲಬ್ಬಿಗೆ ಕೋಚ್ ಆಗಿದ್ದರು. ಅಬಹಾನಿ, ಮೊಹಮ್ಮಡನ್ ಎಂಬ ಎರಡು ದೊಡ್ಡ ಮನೆಗಳ ನೆರಳಲ್ಲೇ ಇದ್ದ ಆ ಕ್ಲಬ್ಬು 2003–04ರಲ್ಲಿ ಮೊದಲ ಬಾರಿಗೆ ಢಾಕಾ ಲೀಗ್ ಗೆದ್ದದ್ದು ಅವರ ಕೈಯಲ್ಲಿ. ಢಾಕಾದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಹೇಗೆ ಎಂದು ಓದುಗರು ಕೇಳಬಹುದು. ಕಲ್ಕತ್ತೆಯ ಹೆಸರನ್ನೇ ಹೊತ್ತ ಕ್ಲಬ್ಬು ಅಲ್ಲೂ ಇದೆ. ಕಲ್ಕತ್ತೆಯ ಕ್ಲಬ್ಬೊಂದರ ಹೆಸರೇ ಈಸ್ಟ್ ಬೆಂಗಾಲ್. 'ಚೀನದ ಗೋಡೆ' ಎಂದು ಹೆಸರಾಗಿ, 1962ರಲ್ಲಿ ಪದ್ಮಶ್ರೀ ಪಡೆದ ಮೋಹನ್ ಬಾಗಾನಿನ ಬರಿಗಾಲ ಡಿಫೆಂಡರ್ ಗೋಷ್ಠೊ ಪಾಲ್ ಹುಟ್ಟಿದ್ದು ಈಗ ಬಾಂಗ್ಲಾದೇಶದಲ್ಲಿರುವ ಫರೀದ್‌ಪುರದ ಕಡೆ.

ಇನ್ನೊಂದು ಸಂಗತಿ. 1971ರಲ್ಲಿ ಬಾಂಗ್ಲಾದೇಶ ಇನ್ನೂ ಹುಟ್ಟುವ ಸಂಕಟದಲ್ಲಿದ್ದಾಗ ಗಡಿ ದಾಟಿ ಬಂದ ಆಟಗಾರರು 'ಸ್ವಾಧೀನ ಬಾಂಗ್ಲಾ' ಫುಟ್‌ಬಾಲ್ ತಂಡ ಕಟ್ಟಿದರು. ಭಾರತದಲ್ಲೆಲ್ಲ ಪಂದ್ಯವಾಡಿ ವಿಮೋಚನೆಯ ನಿಧಿಗೆ ಹಣ ಕೂಡಿಸಿದರು. ಜುಲೈ 25ರಂದು ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿ ಮೊದಲ ಪಂದ್ಯಕ್ಕೆ ಮುನ್ನ, ಜಗತ್ತು ಇನ್ನೂ ಒಪ್ಪದಿದ್ದ ತಮ್ಮ ಬಾವುಟವನ್ನು ಹಾರಿಸಿದರು. ಕಲ್ಕತ್ತೆಯಲ್ಲಿ ಅವರ ವಿರುದ್ಧ ಆಡಿದ ಮೋಹನ್ ಬಾಗಾನ್ ತನ್ನ ಹೆಸರಿನಲ್ಲಿ ಆಡಲಾಗದೆ 'ಗೋಷ್ಠೊ ಪಾಲ್ ಇಲೆವೆನ್' ಎಂಬ ಹೆಸರು ಇಟ್ಟುಕೊಂಡಿತು. ಆ ಅಲೆಮಾರಿ ತಂಡದ ನಾಯಕ ಝಕಾರಿಯಾ ಪಿಂಟೂ ಕೂಡ ಡಿಫೆಂಡರ್. ಮುಂದೆ ಬಾಂಗ್ಲಾದೇಶದ ಮೊದಲ ನಾಯಕರೂ ಅವರೇ ಆದರು. 2007ರಲ್ಲಿ ನಯೀಮುದ್ದೀನ್ ಕೋಚ್ ಆಗಿ ಹೋದದ್ದು ಆ ತಂಡಕ್ಕೆ. ಅದನ್ನು ಪರದೇಶ ಎಂದು ಪಾಸ್‌ಪೋರ್ಟ್ ಹೇಳುತ್ತದೆ, ನಿಜ.

ಅವರ ಬಾಂಗ್ಲಾದೇಶದ ಕೆಲಸ ಯಶಸ್ಸಿನ ಕಥೆಯಲ್ಲ. ದಿಲ್ಲಿಯಲ್ಲಿ ಭಾರತದ ಎದುರು ಸೋಲು. ಅಕ್ಟೋಬರಿನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ತಜಿಕಿಸ್ತಾನದ ಜೊತೆ ಢಾಕಾದಲ್ಲಿ 1–1 ಸಮ ಮಾಡಿಕೊಂಡು, ಅವರ ನೆಲದಲ್ಲಿ 0–5ರಿಂದ ಸೋತರು. ಮುಂದಿನ ವರ್ಷ ಬೇರೆ ಕೋಚ್ ಬಂದರು. ದೇಶದ ತಂಡಕ್ಕೆ ಹೊರಗಿನಿಂದ ಕೋಚುಗಳನ್ನು ತರಿಸಿಕೊಳ್ಳುವುದು ನಮಗೆ ರೂಢಿ. ಇಲ್ಲಿಂದ ಹೋಗಿ ಇನ್ನೊಂದು ದೇಶದ ತಂಡದ ಹೊಣೆ ಹೊತ್ತವರು ತೀರ ವಿರಳ. ಆ ವಿರಳರಲ್ಲಿ ಒಬ್ಬರ ವಿಷಯದಲ್ಲಿ ಭಾರತದ ಪತ್ರಿಕೆಗಳು ದ್ರೋಹದ ಮಾತು ಎತ್ತಲಿಲ್ಲವೆಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ. ಫುಟ್‌ಬಾಲ್ ನಮ್ಮಲ್ಲಿ ಬಡ ಆಟವಾಗಿ ಉಳಿದದ್ದರಿಂದ ಯಾರೂ ಗಮನಿಸಲಿಲ್ಲವೋ, ಅಥವಾ ಆ ಆಟದವರ ಮನಸ್ಸೇ ದೊಡ್ಡದೋ, ತೀರ್ಮಾನಿಸಲಾರೆ.

2016ರಲ್ಲಿ ಕಲ್ಕತ್ತೆಯ ಎರಡು ಬದ್ಧವೈರಿ ಕ್ಲಬ್ಬುಗಳೂ ಅವರನ್ನು ಕರೆದು ತಮ್ಮ ಅತಿ ದೊಡ್ಡ ಗೌರವ ಕೊಟ್ಟವು. ಮೋಹನ್ ಬಾಗಾನಿನದು 'ಮೋಹನ್ ಬಾಗಾನ್ ರತ್ನ', ಈಸ್ಟ್ ಬೆಂಗಾಲಿನದು 'ಭಾರತ ಗೌರವ'. ಒಂದು ಕಾಲದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದವನನ್ನು ದ್ರೋಹಿ ಎನ್ನುತ್ತಿದ್ದ ಗಲ್ಲಿಗಳ ಕ್ಲಬ್ಬುಗಳವು.

ಹೈದರಾಬಾದಿನ ಆ ಫುಟ್‌ಬಾಲ್ ಮನೆತನದ ಇನ್ನೊಂದು ಎಳೆ ಕೊನೆಗೆ ನಮ್ಮ ಕಡೆಗೇ ಬಂದು ಮುಗಿಯಿತು. ರಹೀಂ ಸಾಹೇಬರ ಮಗ ಸಯ್ಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್, ಅಂತಾರಾಷ್ಟ್ರೀಯ ರೆಫರಿ, ಕೋಚ್. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ. ಗಂಗಾವತಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಬಿಸಿಲು ಇಳಿಯುವುದರೊಳಗೆ ಮುಟ್ಟುವ ಊರು ಅದು.